ಆಟಿಯ ಮಳೆಯಲ್ಲಿ ಸೊರಗುವ ತುಡುವೆ ಕುಟುಂಬಗಳು: ಸಕ್ಕರೆ ಪಾಕವೊಂದೇ ಸಾಕೇ?

ಪ್ರಶ್ನೆ: ಗೇರುಗುಡ್ಡೆ, ಹಿರಿಯಡ್ಕ

ಎಲ್ಲರಿಗೂ ನಮಸ್ಕಾರ. ಉಡುಪಿಯಿಂದ ಹೆಬ್ರಿಗೆ ಹೋಗುವ ದಾರಿಯಲ್ಲಿ ಹಿರಿಯಡ್ಕದ ಒಳಭಾಗದಲ್ಲಿ ನಮ್ಮ ಮನೆ. ಮನೆಯ ಕೆಳಗೆ ಅಡಿಕೆ ಮತ್ತು ತೆಂಗಿನ ತೋಟ, ಮೇಲಿನ ಗುಡ್ಡೆಯಲ್ಲಿ ಗೇರು, ಅದರಾಚೆ ನೆರೆಯವರ ರಬ್ಬರು. ನಾಲ್ಕು ವರ್ಷಗಳಿಂದ ನಮ್ಮ ನಾಡಿನ ಪೆಟ್ಟಿಗೆ ಜೇನಾದ ತುಡುವೆಯನ್ನು ಸಾಕುತ್ತಿದ್ದೇನೆ. ಈ ಬೇಸಿಗೆಯಲ್ಲಿ ಹನ್ನೆರಡು ಪೆಟ್ಟಿಗೆಗಳಲ್ಲಿ ಕುಟುಂಬಗಳಿದ್ದವು. ರಬ್ಬರು ಚಿಗುರಿದ ಕಾಲದಲ್ಲಿ ಜೇನು ಚೆನ್ನಾಗಿಯೇ ಬಂತು, ಪತ್ತನಾಜೆಗೆ (ಮೇ ಕೊನೆಯಲ್ಲಿ ಬರುವ ತುಳುವರ ಆಚರಣೆಯ ದಿನ) ಮೊದಲು ಕೊನೆಯ ಸಲ ತೆಗೆದೆ. ಈಗ ಆಟಿ (ಜುಲೈ–ಆಗಸ್ಟ್‌ನಲ್ಲಿ ಬರುವ ತುಳು ತಿಂಗಳು) ಅರ್ಧ ಕಳೆಯುವಷ್ಟರಲ್ಲಿ ಎಂಟು ಉಳಿದಿವೆ.

ನಾಲ್ಕು ಕುಟುಂಬಗಳು ಪೆಟ್ಟಿಗೆ ಬಿಟ್ಟು ಹೋದವು. ಹಸಿವಿನಿಂದ ಹೋದವು ಎನ್ನೋಣವೆಂದರೆ, ಅವುಗಳ ಪೆಟ್ಟಿಗೆಯೊಳಗಿನ ಪಾಕದ ಬಟ್ಟಲು ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಮಳೆ ಹಿಡಿದಂದಿನಿಂದ ಒಂದು ಕಿಲೋ ಸಕ್ಕರೆಗೆ ಒಂದು ಲೀಟರ್ ನೀರಿನ ಲೆಕ್ಕದಲ್ಲಿ ಕಾಯಿಸಿ, ಆರಿಸಿ, ವಾರಕ್ಕೆ ಎರಡು ಸಲ ಸಂಜೆ ಹೊತ್ತಿನಲ್ಲಿ ಇಡುತ್ತಾ ಬಂದಿದ್ದೇನೆ. ಇರುವೆ ಬಾರದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲೂ ಇದೆ. ಉಳಿದ ಎಂಟರಲ್ಲಿ ಆರರ ಸ್ಥಿತಿ ಒಂದೇ ರೀತಿ: ರಾಣಿ ಇದ್ದಾಳೆ, ಮೊಟ್ಟೆಗಳಿವೆ, ಮುಚ್ಚಿದ ಕೋಶಗಳು ಅಲ್ಲೊಂದು ಇಲ್ಲೊಂದು ಇವೆ, ಆದರೆ ನಡುವಿನ ಹಂತದ ಮರಿಹುಳುಗಳು ಕಾಣುವುದೇ ಇಲ್ಲ. ಮೊಟ್ಟೆ ಇಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ತಿಳಿಯದಾಗಿದೆ. ಇನ್ನೆರಡು ಪೆಟ್ಟಿಗೆಗಳಲ್ಲಿ ಬೇರೆಯದೇ ತೊಂದರೆ ಇರುವಂತಿದೆ. ಅಲ್ಲಿ ದೊಡ್ಡ ಮರಿಹುಳುಗಳು ಕೋಶದೊಳಗೇ ಸತ್ತು, ತಲೆ ಮೇಲಕ್ಕೆತ್ತಿಕೊಂಡು ನಿಂತಿವೆ.

ಅಂತರಜಾಲದಲ್ಲಿ ಓದಲು ಹೊರಟರೆ ಜೇನುನೊಣದ ಆರೋಗ್ಯ, ಆಹಾರ, ನಡವಳಿಕೆಗಳ ಕುರಿತು ನೂರಾರು ಸಂಶೋಧನೆಗಳು ಸಿಗುತ್ತವೆ, ಆದರೆ ಬಹುಪಾಲು ಎಲ್ಲವೂ ಯುರೋಪಿನ ಮೆಲ್ಲಿಫೆರಾ ನೊಣದ ಮೇಲೆ ನಡೆದಂಥವು. ಆಕ್ಸ್‌ಫರ್ಡಿನ ವಿಜ್ಞಾನಿಗಳು ಪರಾಗಕ್ಕೆ ಬದಲಾಗಿ ಕೊಡಬಹುದಾದ ಹೊಸ ಆಹಾರವೊಂದನ್ನು ಸಿದ್ಧಪಡಿಸಿದ್ದಾರೆಂದೂ ಓದಿದೆ. ಇವುಗಳಲ್ಲಿ ನಮ್ಮ ತುಡುವೆಗೆ ಹೊಂದುವುದು ಯಾವುದು, ಹೊಂದದ್ದು ಯಾವುದು? ಪಾಕ ಕೊಟ್ಟರೂ ಕುಟುಂಬ ಸೊರಗುವುದೇಕೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಹಳೆಪೆಟ್ಟಿಗೆ, ಮೂಡುಬಿದಿರೆ

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಸಮಸ್ಯೆಗಳು ಸೇರಿಕೊಂಡಿವೆ, ಅವನ್ನು ಮೊದಲು ಬಿಡಿಸಿಕೊಳ್ಳಬೇಕು. ನಾನು ವಿಜ್ಞಾನ ಓದಿದವನಲ್ಲ. ನಲವತ್ತು ವರ್ಷಗಳಿಂದ ಪೆಟ್ಟಿಗೆ ತೆರೆದು ಮುಚ್ಚಿದ ಅನುಭವದಿಂದಷ್ಟೇ ಹೇಳುತ್ತೇನೆ.

ತಲೆ ಎತ್ತಿ ಸತ್ತ ಮರಿಹುಳುಗಳಿರುವ ಆ ಎರಡು ಪೆಟ್ಟಿಗೆಗಳ ವಿಷಯ ತುರ್ತಿನದು, ಅದನ್ನು ಮೊದಲು ಹೇಳಿಬಿಡುತ್ತೇನೆ. ಒಂದು ಸಣ್ಣ ಚಿಮುಟದಿಂದ ಸತ್ತ ಹುಳುವನ್ನು ಮೆಲ್ಲಗೆ ಮೇಲೆತ್ತಿ ನೋಡಿರಿ. ಅದು ಹರಿಯದೆ, ನೀರು ತುಂಬಿದ ಚೀಲದಂತೆ ಇಡಿಯಾಗಿ ಎದ್ದು ಬಂದರೆ, ವಾಸನೆಯೂ ಇಲ್ಲದಿದ್ದರೆ, ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವೆಂದು ಬಹುಮಟ್ಟಿಗೆ ತಿಳಿಯಬಹುದು. ಹಳೆಯ ಹುಳುಗಳಾದರೆ ಕಂದು ಬಣ್ಣಕ್ಕೆ ತಿರುಗಿ, ಒಣಗಿ, ಎರಡೂ ತುದಿ ಮೇಲಕ್ಕೆ ಬಾಗಿದ ದೋಣಿಯ ಹಾಗೆ ಕೋಶದ ತಳದಲ್ಲಿ ಬಿದ್ದಿರುತ್ತವೆ. ಹುಳಿ ವಾಸನೆ ಬಂದು, ಹುಳು ಕರಗಿದಂತೆ ಇದ್ದರೆ ಅದು ಬೇರೆ ರೋಗ, ಬ್ಯಾಕ್ಟೀರಿಯಾದಿಂದ ಬರುವಂಥದ್ದು.

1991–92ರಲ್ಲಿ ಈ ವೈರಸ್ ದಕ್ಷಿಣ ಭಾರತಕ್ಕೆ ಕಾಲಿಟ್ಟಾಗ ಶೇಕಡಾ 90ಕ್ಕೂ ಹೆಚ್ಚು ತುಡುವೆ ಕುಟುಂಬಗಳು ನಾಶವಾದವು. ನನ್ನಲ್ಲಿ ಆಗ ಮೂವತ್ತನಾಲ್ಕು ಪೆಟ್ಟಿಗೆಗಳಿದ್ದವು. ಮುಂದಿನ ವರ್ಷ ಪೆಟ್ಟಿಗೆಗಳೇನೋ ಮೂವತ್ತನಾಲ್ಕೂ ಇದ್ದವು, ಒಂದರಲ್ಲಿಯೂ ನೊಣವಿರಲಿಲ್ಲ. ಅವುಗಳಲ್ಲಿ ಕೆಲವನ್ನು ಕೋಳಿಗೆ ಕಾವು ಕೂರಿಸಲು ಉಪಯೋಗಿಸಿದ್ದೂ ಉಂಟು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಂದಿ ಅಂದು ಕೈಬಿಟ್ಟವರು ಮತ್ತೆ ಜೇನಿನ ಕಡೆ ತಿರುಗಿ ನೋಡಲಿಲ್ಲ. ನಿಧಾನವಾಗಿ ಕಾಡಿನಲ್ಲಿ ಉಳಿದ ಕುಟುಂಬಗಳಿಂದ ಜೇನು ಮತ್ತೆ ಹೆಚ್ಚಿತು. ರೋಗ ಮಾತ್ರ ಪೂರ್ತಿ ಹೋಗಲಿಲ್ಲ, ಆಗಾಗ ತಲೆ ಎತ್ತುತ್ತದೆ.

ಇದಕ್ಕೆ ಮದ್ದಿಲ್ಲ. ವೈರಸ್ಸಿಗೆ ಆಂಟಿಬಯೋಟಿಕ್ ಹಾಕುವುದು ವ್ಯರ್ಥ, ಅದರ ಅಂಶ ಜೇನಿಗೆ ಸೇರುವ ಹಾನಿ ಬೇರೆ. ನಾನು ಮಾಡುವುದಿಷ್ಟು: ರಾಣಿಯನ್ನು ಪಂಜರದಲ್ಲಿಟ್ಟು ಎರಡು ಮೂರು ವಾರ ಮೊಟ್ಟೆ ಇಡದಂತೆ ತಡೆಯುತ್ತೇನೆ, ಇಲ್ಲವೇ ಹಳೆಯ ರಾಣಿಯನ್ನು ತೆಗೆದು ಕುಟುಂಬವೇ ಹೊಸ ರಾಣಿಯನ್ನು ಬೆಳೆಸಿಕೊಳ್ಳಲು ಬಿಡುತ್ತೇನೆ. ಆ ಅವಧಿಯಲ್ಲಿ ರೋಗ ಹತ್ತಲು ಮರಿಹುಳುಗಳೇ ಇರುವುದಿಲ್ಲ, ನೊಣಗಳಿಗೆ ಕೋಶಗಳನ್ನು ಶುಚಿ ಮಾಡಲು ಬಿಡುವೂ ಸಿಗುತ್ತದೆ. ಬಹಳ ಹಾಳಾದ ಎರಿಗಳನ್ನು (ಕೋಶಗಳಿರುವ ಮೇಣದ ತಟ್ಟೆಗಳನ್ನು) ಕತ್ತರಿಸಿ ಸುಟ್ಟುಬಿಡಬೇಕು. ಆ ಪೆಟ್ಟಿಗೆಯ ಎರಿ, ಚೌಕಟ್ಟು, ಜೇನು ಯಾವುದೂ ಇನ್ನೊಂದಕ್ಕೆ ಹೋಗಬಾರದು, ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಮುಂದಿನ ಪೆಟ್ಟಿಗೆ ತೆರೆಯಲೂಬಾರದು. ಕ್ಷೀಣಿಸಿದ ಕುಟುಂಬಕ್ಕೆ ಕನಿಕರದಿಂದ ಬಲವಾದ ಕುಟುಂಬದ ಎರಿ ಕೊಡುವವರಿದ್ದಾರೆ, ಆಮೇಲೆ ಖಾಲಿಯಾದ ಹಳೆಯ ಎರಿಯನ್ನು ಹಿಂದಕ್ಕೆ ತಂದಿಡುವವರೂ ಅವರೇ. 1992ರಲ್ಲಿ ನಾನು ಮಾಡಿದ್ದು ಅದನ್ನೇ.

ಉಳಿದ ಆರು ಪೆಟ್ಟಿಗೆಗಳ ಕುರಿತು ಒಂದು ಪ್ರಶ್ನೆ. ಸಂಸಾರ ಕೋಣೆಯ ಎರಿಯಲ್ಲಿ ಮೊಟ್ಟೆ-ಮರಿಗಳಿರುವ ಜಾಗದ ಮೇಲ್ಭಾಗದಲ್ಲಿ ಹಳದಿ, ಕಿತ್ತಳೆ ಬಣ್ಣದ ಪರಾಗ ತುಂಬಿದ ಕೋಶಗಳು ಕಾಣುತ್ತವೆಯೇ? ಅದೊಂದನ್ನು ನೋಡಿ ಬರೆಯಿರಿ.

ಪ್ರತಿಕ್ರಿಯೆ: ಗೇರುಗುಡ್ಡೆ, ಹಿರಿಯಡ್ಕ

ಅಣ್ಣ, ತಮಗೆ ತುಂಬಾ ಕೃತಜ್ಞ. ಇಂದು ಮಧ್ಯಾಹ್ನ ಮಳೆ ಒಂದು ಗಂಟೆ ಬಿಟ್ಟಾಗ ಎಲ್ಲವನ್ನೂ ತೆರೆದು ನೋಡಿದೆ. ಆ ಎರಡು ಪೆಟ್ಟಿಗೆಗಳಲ್ಲಿ ತಾವು ಹೇಳಿದಂತೆಯೇ ಹುಳು ಚೀಲದಂತೆ ಎದ್ದು ಬಂತು, ವಾಸನೆ ಇರಲಿಲ್ಲ. ಅವನ್ನು ಉಳಿದವುಗಳಿಂದ ದೂರ, ಗುಡ್ಡೆಯ ಆಚೆ ಬದಿಗೆ ರಾತ್ರಿ ಸಾಗಿಸುವ ಯೋಚನೆ ಮಾಡಿದ್ದೇನೆ. ಆರು ಪೆಟ್ಟಿಗೆಗಳಲ್ಲಿ ಪರಾಗವೆಂಬುದು ಒಂದು ಎರಿಯಲ್ಲಿ ಹತ್ತು ಹನ್ನೆರಡು ಕೋಶಗಳಷ್ಟು ಇದ್ದರೆ ಹೆಚ್ಚು. ನಾಲ್ಕು ಪೆಟ್ಟಿಗೆಗಳಲ್ಲಿ ಅದೂ ಇಲ್ಲ. ಪಾಕ ಮಾತ್ರ ಮೇಲಿನ ಕೋಶಗಳಲ್ಲಿ ಹೊಳೆಯುತ್ತಾ ತುಂಬಿದೆ.

ಉತ್ತರ: ಪ್ರಾಣಿಶಾಸ್ತ್ರದ ಟೀಚರ್, ಮಂಗಳೂರು

ಮೂಡುಬಿದಿರೆಯ ಹಿರಿಯರು ಕೇಳಿದ ಪ್ರಶ್ನೆಯಲ್ಲಿಯೇ ಉತ್ತರವಿದೆ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು, ಮನೆಯ ತಾರಸಿಯ ಮೇಲೆ ಮೂರು ಪೆಟ್ಟಿಗೆಗಳನ್ನು ಇಟ್ಟುಕೊಂಡವಳು. ಸಂಶೋಧನೆಯ ಕಡೆಯಿಂದ ಗೊತ್ತಿರುವುದನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮಕರಂದವಾಗಲಿ ಸಕ್ಕರೆ ಪಾಕವಾಗಲಿ ನೊಣಕ್ಕೆ ಹಾರಲು, ಗೂಡನ್ನು ಬೆಚ್ಚಗಿಡಲು ಬೇಕಾದ ಶಕ್ತಿಯನ್ನು ಕೊಡುತ್ತದೆ. ಆದರೆ ಹೊಸ ನೊಣವೊಂದರ ಮೈ ಕಟ್ಟಲು ಬೇಕಾದ ಪ್ರೋಟೀನ್, ಕೊಬ್ಬು, ಸ್ಟೆರಾಲ್ (ಕೊಬ್ಬಿನ ಜಾತಿಯ ಒಂದು ಪದಾರ್ಥ), ವಿಟಮಿನ್ ಇವೆಲ್ಲ ಬರುವುದು ಪರಾಗದಿಂದ ಮಾತ್ರ. ಜೇನುನೊಣಕ್ಕೆ ಆಹಾರದಿಂದಲೇ ಸಿಗಬೇಕಾದ ಅಮೈನೋ ಆಮ್ಲಗಳು ಹತ್ತು ಎಂದು ಡಿ ಗ್ರೂಟ್ ಎಂಬ ಸಂಶೋಧಕರು 1953ರಲ್ಲಿಯೇ ತೋರಿಸಿಕೊಟ್ಟರು. ಇಂದಿಗೂ ಜೇನಿನ ಆಹಾರದ ಲೆಕ್ಕಾಚಾರವೆಲ್ಲ ಅಲ್ಲಿಂದಲೇ ಆರಂಭವಾಗುತ್ತದೆ. ಎಳೆಯ ಕೆಲಸಗಾರ ನೊಣಗಳು ಪರಾಗವನ್ನು ತಿಂದು, ತಲೆಯಲ್ಲಿರುವ ಗ್ರಂಥಿಗಳಿಂದ ಹಾಲಿನಂಥ ರಸವನ್ನು ಸ್ರವಿಸಿ ಮರಿಹುಳುಗಳಿಗೂ ರಾಣಿಗೂ ಉಣಿಸುತ್ತವೆ. ಪರಾಗವಿಲ್ಲದಿದ್ದರೆ ಈ ಗ್ರಂಥಿಗಳು ಸೊರಗುತ್ತವೆ, ಪಾಕ ಎಷ್ಟೇ ಇದ್ದರೂ ಹಾಲು ಬರುವುದಿಲ್ಲ.

ಹಾಗಾದರೆ ನಿಮ್ಮ ಮೊಟ್ಟೆಗಳು ಎಲ್ಲಿಗೆ ಹೋದವು? ನೊಣಗಳೇ ತಿಂದವು ಎಂದು ನನ್ನ ಅಂದಾಜು. ಆಸ್ಟ್ರಿಯಾದ ಗ್ರಾಜ್ ವಿಶ್ವವಿದ್ಯಾಲಯದ ಶ್ಮಿಕ್ಲ್ ಮತ್ತು ಕ್ರೈಲ್ಸ್‌ಹೈಮ್ ಅವರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಾಗದ ಕೊರತೆಯನ್ನು ಬೇಕೆಂದೇ ಉಂಟುಮಾಡಿದಾಗ ಕೆಲಸಗಾರ ನೊಣಗಳು ಮೂರು ದಿನಕ್ಕಿಂತ ಎಳೆಯ ಮರಿಹುಳುಗಳನ್ನು ತಿಂದು ಅದರ ಸಾರವನ್ನು ಉಳಿಸಿಕೊಂಡವು, ಬಲಿತ ಮರಿಹುಳುಗಳನ್ನು ಮಾತ್ರ ಕಾಪಾಡಿ ಅವುಗಳ ಕೋಶಗಳನ್ನು ಬೇಗನೆ ಮುಚ್ಚಿಬಿಟ್ಟವು. ಕೇಳಲು ಕ್ರೂರವೆನಿಸಿದರೂ ಇದು ಮನೆಯ ಖರ್ಚು ತಿಳಿದವರ ಲೆಕ್ಕಾಚಾರ: ಹೆಚ್ಚು ಆಹಾರ ವ್ಯಯವಾಗಿರುವುದು ಬಲಿತ ಹುಳುವಿನ ಮೇಲೆ, ಆದ್ದರಿಂದ ಉಳಿಯಬೇಕಾದದ್ದು ಅದೇ. ಮೊಟ್ಟೆ ಇದೆ, ಮುಚ್ಚಿದ ಕೋಶ ಚದುರಿದಂತೆ ಇದೆ, ನಡುವಿನ ಹಂತ ಇಲ್ಲ ಎಂಬ ನಿಮ್ಮ ವಿವರಣೆ ಇದಕ್ಕೆ ತಕ್ಕುದಾಗಿ ಹೊಂದುತ್ತದೆ. ಜೇನನ್ನು ತಿಂಗಳುಗಟ್ಟಲೆಗೆ ಕೂಡಿಡುವ ಕುಟುಂಬ ಪರಾಗವನ್ನು ಹಾಗೆ ಕೂಡಿಡುವುದಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿಯೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವ ನಮ್ಮ ಕರಾವಳಿಯಲ್ಲಿ, ಹತ್ತು ದಿನ ಎಡೆಬಿಡದೆ ಮಳೆ ಹಿಡಿದರೆ ಪರಾಗದ ಕಣಜ ಬರಿದಾಗುವುದು ಸಹಜ. ಹಾಗೆ ಬರಿದಾದ ಗೂಡನ್ನು ತುಡುವೆ ಬಿಟ್ಟು ಹೋಗುತ್ತದೆ. ಮೆಲ್ಲಿಫೆರಾಕ್ಕಿಂತ ಅದಕ್ಕೆ ಈ ಗುಣ ಬಹಳ ಹೆಚ್ಚು.

ಕೊರತೆಯ ಪರಿಣಾಮ ಆ ತಿಂಗಳಿಗೇ ಮುಗಿಯುವುದಿಲ್ಲ ಎಂಬುದು ಇನ್ನೂ ಮುಖ್ಯ. 2015ರಲ್ಲಿ ಸ್ಕೋಫೀಲ್ಡ್ ಮತ್ತು ಮ್ಯಾಟಿಲಾ ಎಂಬಿಬ್ಬರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರಿಹುಳುವಾಗಿದ್ದಾಗ ಪರಾಗದ ಕೊರತೆಯಲ್ಲಿ ಬೆಳೆದ ನೊಣಗಳು ತೂಕದಲ್ಲಿ ಕಡಿಮೆ ಇದ್ದವು, ಎಳೆಯ ಪ್ರಾಯದಲ್ಲಿಯೇ ಮೇವಿಗೆ ಹೊರಟವು, ಕೆಲವೇ ದಿನ ದುಡಿದು ಸತ್ತವು. ಹೂವಿರುವ ದಿಕ್ಕು, ದೂರಗಳನ್ನು ಜೊತೆಗಾರರಿಗೆ ತಿಳಿಸಲು ನೊಣಗಳು ಮಾಡುವ ನೃತ್ಯವನ್ನು ಅವುಗಳಲ್ಲಿ ಮಾಡಿದವು ಕಡಿಮೆ, ಮಾಡಿದವುಗಳ ನೃತ್ಯವೂ ದಿಕ್ಕನ್ನು ಅಷ್ಟು ನಿಖರವಾಗಿ ಸೂಚಿಸಲಿಲ್ಲ. ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರ ನೊಬೆಲ್ ತಂದುಕೊಟ್ಟ ಆ ನೃತ್ಯಭಾಷೆಯ ಸ್ಪಷ್ಟತೆಯೂ ಬಾಲ್ಯದ ಊಟವನ್ನು ಅವಲಂಬಿಸಿದೆ ಎಂಬುದು ನನಗೆ ಇಂದಿಗೂ ಆಶ್ಚರ್ಯದ ಸಂಗತಿ. ಆಟಿಯಲ್ಲಿ ಅರೆಹೊಟ್ಟೆಯಲ್ಲಿ ಬೆಳೆದ ನೊಣಗಳು ಮುಂದಿನ ಸೋಣ ತಿಂಗಳಲ್ಲಿ ಹೂ ಬಂದಾಗಲೂ ಸರಿಯಾಗಿ ದುಡಿಯವು ಎಂದು ಇದರಿಂದ ಊಹಿಸಬಹುದು.

ಈಗ ರೋಗದ ಎರಡು ಪೆಟ್ಟಿಗೆಗಳನ್ನು ಇದರೊಂದಿಗೆ ಜೋಡಿಸಿ ನೋಡಬೇಕು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೇಂದ್ರದ ಲೆಸ್ಲಿ ಬೈಲಿ ಅವರು 1970ರ ದಶಕದ ಆರಂಭದಲ್ಲಿ ಸ್ಯಾಕ್‌ಬ್ರೂಡ್ ವೈರಸ್ ಬೆಳೆದ ನೊಣಗಳಲ್ಲಿ ಏನಾಗುತ್ತದೆಂದು ಪರೀಕ್ಷಿಸಿದರು. ಸತ್ತ ಹುಳುವನ್ನು ಹೊರಹಾಕುವ ಎಳೆಯ ನೊಣಗಳಿಗೆ ಸೋಂಕು ತಗಲುತ್ತದೆ, ಅವು ಕೂಡಲೇ ಸಾಯುವುದಿಲ್ಲ, ನೋಡಲು ಆರೋಗ್ಯವಾಗಿಯೇ ಇರುತ್ತವೆ. ಆದರೆ ಪರಾಗ ತಿನ್ನುವುದನ್ನು ನಿಲ್ಲಿಸುತ್ತವೆ, ಮರಿಗಳಿಗೆ ಉಣಿಸುವ ಕೆಲಸವನ್ನು ಬೇಗನೆ ಬಿಟ್ಟು ಹೊರಗೆ ಹಾರತೊಡಗುತ್ತವೆ, ಹಾರಿದಾಗಲೂ ಪರಾಗ ತರುವುದು ತೀರಾ ಅಪರೂಪ. ಸೋಂಕಿನ ನೊಣ ಹಾಲೂಡುವುದನ್ನು ಬಿಡುವುದರಿಂದ ವೈರಸ್ ಹರಡುವುದು ಸ್ವಲ್ಪ ತಗ್ಗಬಹುದು. ಆದರೆ ಪರಾಗವೇ ಇಲ್ಲದ ಕಾಲದಲ್ಲಿ ಪರಾಗ ತರದ ನೊಣಗಳು ಹೆಚ್ಚಾದರೆ ಕುಟುಂಬ ಎರಡೂ ಕಡೆಯಿಂದ ಕುಸಿಯುತ್ತದೆ. ಈ ಪ್ರಯೋಗ ನಡೆದದ್ದು ಮೆಲ್ಲಿಫೆರಾದ ಮೇಲೆ. ತುಡುವೆಯಲ್ಲಿರುವ ಥಾಯ್ ಸ್ಯಾಕ್‌ಬ್ರೂಡ್ ತಳಿಯು ಅಲ್ಲಿ ಪರೀಕ್ಷಿಸಿದ ವೈರಸ್ಸಿನ ಹತ್ತಿರದ ಸಂಬಂಧಿ.

ಯಾವ ಸಂಶೋಧನೆ ನಮಗೆ ಹೊಂದುತ್ತದೆ ಎಂದು ಕೇಳಿದ್ದೀರಿ. ದೇಹದ ಒಳಗಿನ ವ್ಯವಹಾರಕ್ಕೆ ಸಂಬಂಧಿಸಿದ್ದನ್ನು ಬಹುಮಟ್ಟಿಗೆ ತುಡುವೆಗೂ ಅನ್ವಯಿಸಿಕೊಳ್ಳಬಹುದು, ನಡವಳಿಕೆಗೆ ಸಂಬಂಧಿಸಿದ್ದನ್ನು ಹಾಗೆಯೇ ಒಪ್ಪಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಸೆಡ್ರಿಕ್ ಅಲೋ ಅವರ ತಂಡವು 2010ರಲ್ಲಿ, ಹಲವು ಹೂಗಳ ಪರಾಗ ತಿಂದ ನೊಣಗಳಲ್ಲಿ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವದ ಚಟುವಟಿಕೆ ಒಂದೇ ಹೂವಿನ ಪರಾಗ ತಿಂದವುಗಳಿಗಿಂತ ಹೆಚ್ಚಿತ್ತೆಂದು ತೋರಿಸಿತು. ಕೂಸಿನ ಆಹಾರವನ್ನೂ ಜೇನನ್ನೂ ಸೂಕ್ಷ್ಮಜೀವಿಗಳಿಂದ ಕಾಪಾಡುವ ಕಿಣ್ವ ಇದು. ಪ್ರೋಟೀನ್ ಪ್ರಮಾಣ ಹೆಚ್ಚಿದ್ದ ಒಂಟಿ ಪರಾಗವೂ ಮಿಶ್ರ ಪರಾಗಕ್ಕೆ ಸಮವಾಗಲಿಲ್ಲ. ಹಾಗೆಯೇ 2013ರಲ್ಲಿ ಮಾವೊ, ಶುಲರ್ ಮತ್ತು ಬೆರೆನ್‌ಬೌಮ್ ಅವರು, ಪರಾಗದ ಮೂಲಕ ಜೇನಿಗೆ ಸೇರುವ ಪಿ-ಕೂಮಾರಿಕ್ ಆಮ್ಲವು ನೊಣದ ದೇಹದಲ್ಲಿ ವಿಷವನ್ನು ನಿವಾರಿಸುವ ಜೀನ್‌ಗಳನ್ನು ಚುರುಕುಗೊಳಿಸುತ್ತದೆಂದು ಕಂಡುಕೊಂಡರು. ಸಕ್ಕರೆ ಪಾಕದಲ್ಲಿ ಅದು ಇರುವುದಿಲ್ಲ. ಇಂಥವು ತುಡುವೆಗೆ ಬೇರೆ, ಮೆಲ್ಲಿಫೆರಾಕ್ಕೆ ಬೇರೆ ಎನ್ನಲು ನನಗೆ ಕಾರಣ ತೋರುವುದಿಲ್ಲ.

ನಡವಳಿಕೆಯ ಮಾತು ಹಾಗಲ್ಲ. ಮೆಲ್ಲಿಫೆರಾ ಗೂಡಿನ ಒಳಗೋಡೆಗೆ ಮರದ ಅಂಟನ್ನು ಬಳಿದು ಸೋಂಕನ್ನು ತಗ್ಗಿಸಿಕೊಳ್ಳುತ್ತದೆ, ಆ ಕುರಿತು ಒಳ್ಳೆಯ ಸಂಶೋಧನೆಗಳಿವೆ. ತುಡುವೆ ಅಂಟನ್ನು ಸಂಗ್ರಹಿಸುವುದೇ ಇಲ್ಲ, ಆದ್ದರಿಂದ ಅವು ನಮಗೆ ನಿರುಪಯೋಗಿ. ಪ್ರಪಂಚವನ್ನೆಲ್ಲ ಕಾಡುವ ವರೋವಾ ಉಣ್ಣಿಯ ಮೂಲ ಆಶ್ರಯ ತುಡುವೆಯೇ. ಆದರೂ ಇಲ್ಲಿ ಅದು ಮುಖ್ಯವಾಗಿ ಗಂಡು ನೊಣದ ಕೋಶಗಳಲ್ಲಿ ಮಾತ್ರ ಮರಿ ಮಾಡುವುದರಿಂದ ನಮಗೆ ದೊಡ್ಡ ಶತ್ರುವಾಗಿಲ್ಲ. ಉಣ್ಣಿ ಹತ್ತಿದ ತುಡುವೆಯ ಕೆಲಸಗಾರ ಮರಿ ತಾನೇ ಬೇಗ ಕುಸಿಯುತ್ತದೆ, ಉಳಿದವು ಅದನ್ನು ಎಳೆದು ಹೊರಹಾಕುತ್ತವೆ ಎಂದು 2016ರ ಅಧ್ಯಯನವೊಂದು ಹೇಳಿದೆ. ಒಂದೊಂದು ಮರಿ ದುರ್ಬಲವಾಗಿರುವುದೇ ಇಡೀ ಕುಟುಂಬಕ್ಕೆ ರಕ್ಷಣೆಯಾಯಿತು ಎಂಬ ವಾದ ಅದು. ಮೇವಿನ ದೂರವೂ ಬೇರೆ. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ಆಕ್ಸೆಲ್ ಬ್ರಾಕ್‌ಮನ್ ಅವರೂ ಸೇರಿದ್ದ ತಂಡ ದಕ್ಷಿಣ ಭಾರತದಲ್ಲಿ ತುಡುವೆ, ಕೋಲುಜೇನು, ಹೆಜ್ಜೇನುಗಳ ನೃತ್ಯವನ್ನು ಹೋಲಿಸಿ 2020ರಲ್ಲಿ ಪ್ರಕಟಿಸಿತು. ಒಂದೇ ದೂರವನ್ನು ಹೇಳಲು ತುಡುವೆ ಹೆಚ್ಚು ಹೊತ್ತು ಮೈ ಕುಲುಕುತ್ತದೆ, ಹೆಜ್ಜೇನು ಕಡಿಮೆ ಹೊತ್ತು. ದೂರದವರೆಗೆ ಮೇಯುವ ಹೆಜ್ಜೇನಿನ ಭಾಷೆಯಲ್ಲಿ ದೂರದ ಅಳತೆ ಒತ್ತಾಗಿದೆ, ಹತ್ತಿರದಲ್ಲಿಯೇ ಮೇಯುವ ತುಡುವೆಯದು ವಿವರವಾಗಿದೆ. ನಿಮಗೆ ಇದರ ಉಪಯೋಗವೆಂದರೆ, ಮೆಲ್ಲಿಫೆರಾ ಸಾಕುವವರು ಐದಾರು ಕಿಲೋಮೀಟರ್ ದೂರದ ಹೂವನ್ನು ನಂಬಬಹುದು, ತುಡುವೆ ಸಾಕುವವರು ತಮ್ಮ ಗುಡ್ಡೆ, ಬೈಲು, ನೆರೆಯವರ ಹಿತ್ತಿಲುಗಳನ್ನೇ ನೋಡಿಕೊಳ್ಳಬೇಕು.

ಆಕ್ಸ್‌ಫರ್ಡಿನ ಆಹಾರದ ಕುರಿತು ಚುಟುಕಾಗಿ ಹೇಳುತ್ತೇನೆ. ಜೇನುನೊಣ ಸ್ಟೆರಾಲ್‌ಗಳನ್ನು ತಾನೇ ತಯಾರಿಸಿಕೊಳ್ಳಲಾರದು, ಪರಾಗದಿಂದ ಪಡೆಯಬೇಕು. ಆಗಸ್ಟ್ 2025ರಲ್ಲಿ ಪ್ರಕಟವಾದ ಆ ಸಂಶೋಧನೆಯಲ್ಲಿ ಒಂದು ಬಗೆಯ ಯೀಸ್ಟನ್ನು ಮಾರ್ಪಡಿಸಿ ಆರು ಸ್ಟೆರಾಲ್‌ಗಳನ್ನು ಅದರಿಂದ ತಯಾರಿಸಿದರು. ಮೂರು ತಿಂಗಳ ಕಾಲ ಗಾಜಿನ ಮನೆಯೊಳಗೆ ಆ ಆಹಾರವನ್ನೇ ತಿಂದ ಕುಟುಂಬಗಳು, ಸ್ಟೆರಾಲ್ ಇಲ್ಲದ ಆಹಾರ ತಿಂದವುಗಳಿಗಿಂತ 15 ಪಟ್ಟಿನವರೆಗೂ ಹೆಚ್ಚು ಮರಿಗಳನ್ನು ಗೂಡುಹುಳುವಿನ ಹಂತಕ್ಕೆ ಮುಟ್ಟಿಸಿದವು. ಕೆಲಸ ಬಹಳ ಮಹತ್ವದ್ದು, ಆದರೆ ಅದು ಮೆಲ್ಲಿಫೆರಾದ ಮೇಲೆ ನಡೆದ ಪ್ರಯೋಗ. ಈ ಆಟಿಗೆ ನಿಮ್ಮ ಪೆಟ್ಟಿಗೆಗೆ ಬರುವಂಥದ್ದಲ್ಲ.

ಉತ್ತರ: ಬೈಲುಮನೆ, ಕಾರ್ಕಳ

ಟೀಚರ್ ಅವರ ಬರಹವನ್ನು ಎರಡು ಸಲ ಓದಿದೆ. ಒಂದೆರಡು ಕಡೆ ನನ್ನದು ಬೇರೆ ಅಭಿಪ್ರಾಯ. ಪರಾಗದ ಕೊರತೆಗೆ ಮಳೆಯೊಂದನ್ನೇ ಹೊಣೆ ಮಾಡುವುದು ಪೂರ್ತಿ ಸರಿಯಲ್ಲ. ನಮ್ಮ ಹಿರಿಯರ ಕಾಲದಲ್ಲಿಯೂ ಇಷ್ಟೇ ಮಳೆ ಬರುತ್ತಿತ್ತು. ಆಗ ತೋಟದ ಅಡಿಯಲ್ಲಿ, ಕಟ್ಟಪುಣಿಯ (ಗದ್ದೆಯ ಅಂಚಿನ ದಂಡೆಯ) ಬದಿಯಲ್ಲಿ, ಗುಡ್ಡೆಯಲ್ಲಿ ತುಂಬೆ, ನಾಚಿಕೆಮುಳ್ಳು ಹೀಗೆ ಹೆಸರಿಲ್ಲದ ಹತ್ತು ಹಲವು ಗಿಡಗಳಿದ್ದವು. ನಾಚಿಕೆಮುಳ್ಳಿನಲ್ಲಿ ಮಕರಂದ ಹೇಳುವಷ್ಟು ಇಲ್ಲ, ಪರಾಗ ಧಾರಾಳ. ಬೆಳಗ್ಗೆ ಮಳೆ ಒಂದು ತಾಸು ಬಿಟ್ಟರೂ ನೊಣಗಳು ಅದರ ಮೇಲೆ ಮುತ್ತಿಕೊಳ್ಳುವುದನ್ನು ನೋಡಬಹುದು. ಈಗ ನಾವು ಜೂನ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ ಯಂತ್ರದಿಂದ ಎಲ್ಲವನ್ನೂ ನುಣ್ಣಗೆ ಕತ್ತರಿಸುತ್ತೇವೆ, ಕೆಲವರು ಕಳೆನಾಶಕವನ್ನೂ ಹೊಡೆಯುತ್ತಾರೆ. ಗದ್ದೆ ಬೇಸಾಯ ಬಿಟ್ಟು ಅಡಿಕೆ ಹಾಕಿದ್ದರಿಂದ ಸೆಪ್ಟೆಂಬರ್‌ನಲ್ಲಿ ಸಿಗುತ್ತಿದ್ದ ಭತ್ತದ ಹೂವಿನ ಪರಾಗವೂ ಹೋಯಿತು. ರಬ್ಬರು ಜೇನನ್ನು ಕೊಡುತ್ತದೆ ನಿಜ, ಆದರೆ ಆ ಸಿಹಿ ಬರುವುದು ಎಲೆಯ ತೊಟ್ಟಿನಿಂದ, ಹೂವಿನಿಂದಲ್ಲ, ಅಲ್ಲಿ ಪರಾಗವಿಲ್ಲ. ಜೇನು ತುಂಬಿದ ಪೆಟ್ಟಿಗೆ ನೋಡಿ ಕುಟುಂಬ ಗಟ್ಟಿಯಾಗಿದೆ ಎಂದು ನಾವು ತಿಳಿಯುವುದು ಇದರಿಂದಲೇ.

ತೆಂಗು ವರ್ಷವಿಡೀ ಹೊಂಬಾಳೆ ಬಿಡುತ್ತದೆ, ಮಳೆಗಾಲದಲ್ಲಿ ನಮಗಿರುವ ದೊಡ್ಡ ಆಧಾರ ಅದು. ಆದರೆ ಒಂದೇ ಬಗೆಯ ಪರಾಗ ಸಾಲದು ಎಂದು ಟೀಚರ್ ಅವರೇ ಬರೆದಿದ್ದಾರೆ.

ಇನ್ನೊಂದು, ಮದ್ದು ಬಿಡುವ ವಿಷಯ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತು ಮತ್ತು ಸುಣ್ಣ ಬಿಡುವಾಗ ಪೆಟ್ಟಿಗೆಯ ಬಾಗಿಲಿಗೂ ನೀರಿನ ತೊಟ್ಟಿಗೂ ಹನಿ ಬೀಳದಂತೆ ನೋಡಿಕೊಳ್ಳಬೇಕು. ನಿಜವಾದ ಅಪಾಯ ಇರುವುದು ಗೇರಿನಲ್ಲಿ. ಟೀ ಸೊಳ್ಳೆ ಎಂಬ ಕೀಟಕ್ಕೆಂದು ಹೂ ಬಿಟ್ಟ ಕಾಲದಲ್ಲಿ ಹೊಡೆಯುವ ಕೀಟನಾಶಕಗಳಲ್ಲಿ ಲ್ಯಾಂಬ್ಡಾ ಸೈಹಲೋತ್ರಿನ್‌ನಂಥವು ಜೇನಿಗೆ ಕಡುವಿಷ. ಹೊಡೆಯಲೇಬೇಕಾದರೆ ಸಂಜೆ ನೊಣಗಳು ಗೂಡು ಸೇರಿದ ಮೇಲೆ, ನೆರೆಯವರಿಗೆ ಹಿಂದಿನ ದಿನವೇ ತಿಳಿಸಿ ಹೊಡೆಯಬೇಕು. ನನ್ನ ಐದು ಕುಟುಂಬಗಳು ಹೋದದ್ದು ನೆರೆಯವರು ಒಂದು ಫೋನ್ ಮಾಡದಿದ್ದ ಕಾರಣಕ್ಕೆ. ಅವರಿಗೆ ಜೇನಿನ ಮೇಲೆ ಹಗೆ ಇರಲಿಲ್ಲ, ನೆನಪಾಗಲಿಲ್ಲ ಅಷ್ಟೆ.

ಕೊನೆಗೆ ಟೀಚರ್ ಅವರಲ್ಲಿ ಒಂದು ಪ್ರಶ್ನೆ. ಸೋಯಾ ಹಿಟ್ಟು, ಹಾಲಿನ ಪುಡಿ ಕಲಸಿ ಉಂಡೆ ಮಾಡಿ ಇಡಲು ತರಬೇತಿಯೊಂದರಲ್ಲಿ ನಮಗೆ ಹೇಳಿದ್ದರು. ನನ್ನ ನೊಣಗಳು ಅದನ್ನು ಮೂಸಿಯೂ ನೋಡಲಿಲ್ಲ. ಇಡಬಹುದೇ, ಬಾರದೇ?

ಪ್ರತಿಕ್ರಿಯೆ: ಪ್ರಾಣಿಶಾಸ್ತ್ರದ ಟೀಚರ್, ಮಂಗಳೂರು

ಕಾರ್ಕಳದವರ ತಿದ್ದುಪಡಿಯನ್ನು ಒಪ್ಪಿದೆ, ಕಳೆ ಕತ್ತರಿಸುವ ಸಂಗತಿ ನನಗೆ ಹೊಳೆದಿರಲಿಲ್ಲ. ತಾರಸಿಯ ಮೇಲೆ ಸಾಕುವವರಿಗೆ ಬೈಲಿನ ಕಷ್ಟ ತಿಳಿಯುವುದು ಕಡಿಮೆ.

ಹಾಲಿನ ಪುಡಿ ಬೇಡ. ಅದರಲ್ಲಿರುವ ಲ್ಯಾಕ್ಟೋಸ್ ಜೇನುನೊಣಕ್ಕೆ ಜೀರ್ಣವಾಗುವುದಿಲ್ಲ. ಸೋಯಾದಲ್ಲಿ ಪ್ರೋಟೀನ್ ಹೇರಳವಾಗಿದೆ, ಆದರೆ ರಾಫಿನೋಸ್ ಮತ್ತು ಸ್ಟಾಕಿಯೋಸ್ ಎಂಬ ಸಕ್ಕರೆಗಳೂ ಇವೆ, ಅವು ಹೆಚ್ಚಾದರೆ ನೊಣಕ್ಕೆ ಹಾನಿ. ಪರಾಗದಿಂದ ಸಿಗುವ ಸ್ಟೆರಾಲ್‌ಗಳಲ್ಲಿ ಕೆಲವಂತೂ ಅದರಲ್ಲಿಲ್ಲ. ಬೇರೇನೂ ಇಲ್ಲದಾಗ ಸೋಯಾಕ್ಕೆ ಬ್ರೂವರ್ಸ್ ಯೀಸ್ಟ್ ಸೇರಿಸಿ, ಸಣ್ಣ ಉಂಡೆಯಾಗಿ ಮರಿಗಳಿರುವ ಎರಿಯ ನೇರ ಮೇಲೆಯೇ ಇಟ್ಟು ನೋಡಬಹುದು, ದೂರವಿಟ್ಟರೆ ತುಡುವೆ ಮುಟ್ಟುವುದಿಲ್ಲ. ಎರಡು ದಿನದಲ್ಲಿ ತಿನ್ನದಿದ್ದರೆ ತೆಗೆದುಬಿಡಬೇಕು, ನಮ್ಮ ಹವೆಯಲ್ಲಿ ಬೂಸಲು ಹಿಡಿಯುತ್ತದೆ. ಅದಕ್ಕಿಂತ ಉತ್ತಮ ದಾರಿಯೆಂದರೆ ಬೇಸಿಗೆಯಲ್ಲಿ ಅಡಿಕೆ, ತೆಂಗು ಮತ್ತು ಕಾಡುಹೂಗಳ ಪರಾಗ ಹೇರಳವಾಗಿ ಬರುವಾಗ ಸ್ವಲ್ಪವನ್ನು ಸಂಗ್ರಹಿಸಿ ಒಣಗಿಸಿ ಫ್ರೀಜರಿನಲ್ಲಿಟ್ಟು, ಆಟಿಯಲ್ಲಿ ಪಾಕದೊಂದಿಗೆ ಕಲಸಿ ಕೊಡುವುದು. ಅದು ನಿಮ್ಮದೇ ಆರೋಗ್ಯವಂತ ಕುಟುಂಬದ ಪರಾಗವಾಗಿರಬೇಕು, ಏಕೆಂದರೆ ಸ್ಯಾಕ್‌ಬ್ರೂಡ್ ವೈರಸ್ ಪರಾಗದ ಮೂಲಕವೂ ಬರುತ್ತದೆ. ಪಾಕಕ್ಕೆ ಬೆಲ್ಲ ಹಾಕುವ ಅಭ್ಯಾಸ ಯಾರಿಗಾದರೂ ಇದ್ದರೆ ಬಿಡಬೇಕು, ಅದರ ಲವಣಾಂಶದಿಂದ ನೊಣಗಳಿಗೆ ಬೇಧಿಯಾಗುತ್ತದೆ.

ಹಿರಿಯಡ್ಕದವರಿಗೆ ಇನ್ನೊಂದು ಸೂಚನೆ. ಉಳಿದ ಆರು ಕುಟುಂಬಗಳಲ್ಲಿ ಮುಂದೆ ಯಾವುದರಿಂದ ರಾಣಿ ಬೆಳೆಸಬೇಕೆಂದು ತಿಳಿಯಲು ಸೂಜಿಯ ಪರೀಕ್ಷೆ ಮಾಡಬಹುದು. ಮುಚ್ಚಿದ ಐವತ್ತು ಕೋಶಗಳನ್ನು ತೆಳುವಾದ ಸೂಜಿಯಿಂದ ಚುಚ್ಚಿ, ಒಂದು ದಿನ ಕಳೆದು ಎಷ್ಟನ್ನು ನೊಣಗಳು ತೆರೆದು ಶುಚಿ ಮಾಡಿವೆ ಎಂದು ಎಣಿಸುವುದು. ಸತ್ತ ಮರಿಯ ಕೋಶವನ್ನು ತೆರೆಯುವುದು ಮತ್ತು ಹೊರಹಾಕುವುದು, ಈ ಎರಡೂ ವಂಶದಲ್ಲಿ ಬರುವ ಗುಣಗಳೆಂದು ರಾಥೆನ್‌ಬುಲರ್ ಎಂಬ ಸಂಶೋಧಕರು 1964ರಲ್ಲಿ ತೋರಿಸಿದರು. ಆದರೆ ಈಗ ಬೇಡ. ಕುಟುಂಬಗಳು ಸೊರಗಿರುವಾಗ ಐವತ್ತು ಮರಿಗಳನ್ನು ಕೊಲ್ಲುವುದು ದುಬಾರಿ, ನವೆಂಬರ್ ಕಳೆಯಲಿ.

ಪ್ರತಿಕ್ರಿಯೆ: ಗೇರುಗುಡ್ಡೆ, ಹಿರಿಯಡ್ಕ

ಮೂವರಿಗೂ ವಂದನೆಗಳು. ಎರಡು ವಾರದ ವರದಿಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ರೋಗದ ಪೆಟ್ಟಿಗೆಗಳೆರಡನ್ನೂ ಗುಡ್ಡೆಯಾಚೆ ಇಟ್ಟು ರಾಣಿಯರನ್ನು ಪಂಜರಕ್ಕೆ ಹಾಕಿದೆ. ಒಂದು ಕುಟುಂಬ ಐದನೆಯ ದಿನವೇ ಕ್ಷೀಣಿಸಿ ಮುಗಿಯಿತು, ಅದರ ಎರಿಗಳನ್ನು ಸುಟ್ಟೆ. ಇನ್ನೊಂದರಲ್ಲಿ ಕೋಶಗಳು ಶುಚಿಯಾಗುತ್ತಿವೆ. ತೋಟದ ಹುಲ್ಲು ಕತ್ತರಿಸಲು ಬಂದವರನ್ನು ವಾಪಸು ಕಳುಹಿಸಿದ್ದಕ್ಕೆ ಮನೆಯಲ್ಲಿ ಸ್ವಲ್ಪ ಮಾತಾಯಿತು. ಕೊನೆಗೆ ಮನೆಯ ಸುತ್ತ ಕತ್ತರಿಸುವುದು, ಗುಡ್ಡೆಯ ನಾಚಿಕೆಮುಳ್ಳನ್ನು ನವೆಂಬರ್‌ವರೆಗೆ ಬಿಡುವುದು ಎಂದು ರಾಜಿಯಾಯಿತು. ಜೇನು ತೆಗೆಯುವ ಕುರಿತೂ ಲೆಕ್ಕ ಹಾಕಿದೆ. ತುಡುವೆ ಜೇನಿನ ಬೆಲೆ ಸಕ್ಕರೆಯ ಹತ್ತು ಪಟ್ಟು ಇರುವಾಗ ಪೆಟ್ಟಿಗೆಗೆ ಒಂದು ಕಿಲೋ ಬಿಡುವುದು ಕಷ್ಟವೇ, ಆದರೆ ನಾಲ್ಕು ಕುಟುಂಬಗಳ ಬೆಲೆ ಅದಕ್ಕಿಂತ ಹೆಚ್ಚು. ಮುಂದಿನ ಪತ್ತನಾಜೆಗೆ ಮೇಲಿನ ಕೋಣೆಯ ಎರಡು ಎರಿಗಳನ್ನು ಮುಟ್ಟದೆ ಬಿಡುತ್ತೇನೆ.

ಇಂದು ಬೆಳಗ್ಗೆ ಎಂಟೂವರೆಗೆ ಮಳೆ ಬಿಟ್ಟಾಗ ಮೂರನೆಯ ಪೆಟ್ಟಿಗೆಯ ಬಾಗಿಲಲ್ಲಿ ಹತ್ತು ನಿಮಿಷ ಕುಳಿತು ಎಣಿಸಿದೆ. ಕಾಲಿನಲ್ಲಿ ಪರಾಗ ಹೊತ್ತು ಬಂದ ನೊಣಗಳು ಇಪ್ಪತ್ತಮೂರು. ಹಿಂದಿನ ವಾರ ಅದೇ ಹೊತ್ತಿಗೆ ನಾಲ್ಕು ಇದ್ದವು. ಅದರಲ್ಲಿಯೂ ಬಣ್ಣ ಎರಡು ಬಗೆಯದು. ಒಂದು ತೆಂಗಿನದು ಎಂದು ಗುರುತಿಸಬಲ್ಲೆ, ಬೂದು ಛಾಯೆಯ ಇನ್ನೊಂದು ಯಾವ ಗಿಡದ್ದೆಂದು ಕಾರ್ಕಳದವರು ಹೇಳಬಲ್ಲರೇ?